ಬಾಜೂ ಮನಿ ಕೂಸು

ವೈಜನಾಥರಾಯರಿಗೆ ಮಾತು ಎಂದೂ ತಡವಾಗಿ ಬಂದದ್ದಿಲ್ಲ. ಹೈದರಾಬಾದಿನ ಕೋಠಿಯ ಸೀರೆ ಅಂಗಡಿಯೊಂದರ ಬಿಳಿ ಗಾದಿಯ ಮೇಲೆ ಕೂತು ಅರ್ಧ ಆಯುಷ್ಯ ಸೀರೆ ಬಿಡಿಸಿ ತೋರಿಸಿದ ಮನುಷ್ಯ ಅವರು. ಗಿರಾಕಿ ಸೆರಗು ತಿರುವಿ ಮುಖ ಸಿಂಡರಿಸುವುದರೊಳಗೆ ಇವರ ಗಂಟಲು ಒಮ್ಮೆ ಕೆಮ್ಮುತ್ತಿತ್ತು, 'ಹ್ಹೆ ಹ್ಹೆ' ಎಂದು ಸಣ್ಣ ನಗು ಬರುತ್ತಿತ್ತು, ಹಿಂದೆಯೇ ಮಾತು: "ಅದೇನಿಲ್ರಿ ಬಾಯೀ, ಬಣ್ಣ ಹೋತಂದ್ರ ತಂದು ನನ್ನ ಮಾರಿ ಮ್ಯಾಲ ಒಗೀರಿ." ಬಣ್ಣ ಹೋಗುತ್ತಿತ್ತು. ತಂದು ಒಗೆಯುವವರು ಮಾತ್ರ ಯಾರೂ ಇರಲಿಲ್ಲ, ಅಷ್ಟು ಸವಿ ಅವರ ಬಾಯಿ. ಅಂಗಡಿ ಬಿಟ್ಟರೂ ಆ ಕೆಮ್ಮು, ಆ ನಗು, ಆ 'ಅದೇನಿಲ್ರಿ' ಅವರನ್ನು ಬಿಟ್ಟಿರಲಿಲ್ಲ.

ಮಗ ಶರಣಕುಮಾರ ಸಾಫ್ಟ್‌ವೇರ್ ಕಂಪನಿ ಸೇರಿ ಮಣಿಕೊಂಡದಲ್ಲಿ ಫ್ಲ್ಯಾಟ್ ಕೊಂಡ ಮೇಲೆ ರಾಯರೂ ಅವರ ಹೆಂಡತಿ ಶಾರದಾಬಾಯಿಯೂ ಕೋಠಿಯ ಬಾಡಿಗೆ ಮನೆ ಬಿಟ್ಟು ಅಲ್ಲಿಗೆ ಬಂದರು. ಆಗಿನ ಮಣಿಕೊಂಡ ಎಂದರೆ ಬಂಡೆಗಲ್ಲು, ಅರ್ಧ ಎದ್ದ ಕಟ್ಟಡ, ನೀರಿನ ಟ್ಯಾಂಕರು. ಅತ್ತ ಗಾಜಿನ ಆಫೀಸುಗಳು ಮೇಲೇಳುತ್ತಿದ್ದವು, ಇತ್ತ ಪಾಯಕ್ಕಾಗಿ ಬಂಡೆಗೆ ಮದ್ದಿಟ್ಟು ಸಿಡಿಸುತ್ತಿದ್ದರು. ಸಿಡಿಸುವ ಮೊದಲು ಉದ್ದಕ್ಕೆ ಸೀಟಿ ಊದುತ್ತಿದ್ದರು. ಆ ಸೀಟಿ ಕೇಳಿದರೆ ಮೊಮ್ಮಗಳು ಗಗನಾ ಎಲ್ಲಿದ್ದರೂ ಎರಡೂ ಕಿವಿ ಮುಚ್ಚಿಕೊಂಡು ಮನೆಗೆ ಓಡಿ ಬಂದು ಹಾಲಿನ ಟೀಪಾಯಿಯ ಕೆಳಗೆ ತೂರಿಕೊಳ್ಳುತ್ತಿದ್ದಳು.

ಗಗನಾಗೆ ಏಳು ವರ್ಷ. ಆಟಿಸಂ ಎಂದು ಡಾಕ್ಟರು ಹೇಳಿದ ವರ್ಷ ತಾಯಿ ಕುಮುದಾ ಕೆಲಸ ಬಿಟ್ಟಿದ್ದಳು. ಕುಮುದಾ ಮೈಸೂರಿನವಳು, ಶರಣನ ಕಂಪನಿಯಲ್ಲೇ ಇದ್ದು ಅವನನ್ನು ಮೆಚ್ಚಿ ಮದುವೆಯಾದವಳು. ಗಗನಾ ತಾನಾಗಿ ಮಾತು ಕಟ್ಟಿ ಆಡುವುದು ಕಡಿಮೆ. ಆದರೆ ಯಾರದಾದರೂ ಮಾತು ಮನಸ್ಸಿಗೆ ಹತ್ತಿತೋ, ಅದೇ ದನಿ, ಅದೇ ಏರಿಳಿತ, ನಡುವೆ ಸೀನಿದ್ದರೆ ಆ ಸೀನು ಸಹಿತ ಒಪ್ಪಿಸುತ್ತಾಳೆ. ಕುಕ್ಕರಿನ ಸೀಟಿ ಅವಳಿಗೆ ಆಗದು. ಅನ್ನಕ್ಕೆ ಸಾರು ತಾಗಿದರೆ ಆಗದು. ಅಂಗಿಯ ಕೊರಳಪಟ್ಟಿಯೊಳಗಿನ ಚೀಟಿ ಆಗದು. ಅವಳು ಆಯಿ ಎಂದು ಕರೆಯುವ ಅಜ್ಜಿ ಶಾರದಾಬಾಯಿ ಜೋಳದ ರೊಟ್ಟಿ ಬಡಿಯುವ ಸಪ್ಪಳ ಮಾತ್ರ ಬೇಕೇ ಬೇಕು. ರೊಟ್ಟಿ ಬಡಿಯುವಷ್ಟು ಹೊತ್ತೂ ಆಯಿಯ ಬೆನ್ನಿಗೆ ಬೆನ್ನು ಹಚ್ಚಿ ಕೂತು ತೂಗುತ್ತಾಳೆ.

ಮನೆಯಲ್ಲಿ ಯಾರು ಎಲ್ಲಿ ಹೋದರೆಂದು ತಿಳಿಯದಿದ್ದರೆ ಈ ಹುಡುಗಿ ಬಾಗಿಲಿಗೆ ಹಣೆ ಜಜ್ಜಿಕೊಳ್ಳುತ್ತಿದ್ದಳು. ಅದಕ್ಕೆ ಕುಮುದಾ ಅಡಿಗೆಮನೆಯ ಬಾಗಿಲ ಪಕ್ಕ ಒಂದು ಬೋರ್ಡು ಹಾಕಿದ್ದಳು. ಅದರ ಮೇಲೆ ಮನೆ, ಆಫೀಸು, ಶಾಲೆ, ಕಾಲೇಜು, ಬಜಾರಿನ ಚಿತ್ರಗಳು. ಮನೆಯವರೆಲ್ಲರ ಫೋಟೋಗಳು ಬೇರೆ, ಕಿತ್ತು ಅಂಟಿಸಲು ಬರುವಂಥವು. ಹೊರಗೆ ಹೋಗುವವರು ತಮ್ಮ ಫೋಟೋ ಕಿತ್ತು ಹೋಗುವ ಜಾಗದ ಕೆಳಗೆ ಅಂಟಿಸಬೇಕು, ಬಂದ ಮೇಲೆ ಮನೆಯ ಕೆಳಗೆ ಅಂಟಿಸಬೇಕು. ಅಂದಿನಿಂದ ಗಗನಾಳ ಹಣೆಯ ಗಾಯ ಮಾಯ್ದಿತ್ತು.

ರಾಯರು ಇದಕ್ಕೆ ಹಾಜರಿ ಬೋರ್ಡು ಎಂದು ಹೆಸರಿಟ್ಟಿದ್ದರು. ಒಂದು ದಿನ ಮೂಲೆ ಅಂಗಡಿಗೆ ಎಲೆ-ಅಡಿಕೆ ತರಲು ಹೋಗುವಾಗ ಫೋಟೋ ಬದಲಿಸದೆ ಹೋದದ್ದಕ್ಕೆ ಸೊಸೆ ಸಿಟ್ಟಾದಳು.

"ಐದು ನಿಮಿಷದ ಕೆಲಸಕ್ಕ ಇದೆಲ್ಲಾ ಯಾಕವ್ವಾ?" ಎಂದರು ರಾಯರು.

"ಬೋರ್ಡ್ ಮೇಲೆ ಸುಳ್ಳು ಇರಬಾರದು ಮಾವ. ನಾವು ಅವಳಿಗೆ ಕೊಟ್ಟಿರೋದು ಅದೊಂದೇ ಮಾತು. ಅಲ್ಲಿ ಏನಿರುತ್ತೋ ಅದೇ ನಿಜ."

"ಆತು ಬಿಡು," ಎಂದು ರಾಯರು ಬಜಾರಿನ ಕೆಳಗಿದ್ದ ಬರಿ ಜಾಗಕ್ಕೆ ತಮ್ಮ ಫೋಟೋ ಒತ್ತಿದರು. ನಾಟಕವೆಂದು ಬೈದರೂ ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ. ಮೊಮ್ಮಗಳ ಫೋಟೋದ ಪಕ್ಕವೇ ತಮ್ಮದು ಇರಬೇಕೆಂದು ಒಳಗೊಳಗೇ ಹಟವೂ ಇತ್ತು.

ಮನೆಗೆ ಬಿಸಿ ತಾಗಿದ್ದು ರಾಯರ ಮಗಳು ಸ್ನೇಹಲತಾಳ ಲಗ್ನದ ವಿಷಯಕ್ಕೆ. ತಾರ್ನಾಕದ ಖಾಸಗಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುವ ಹುಡುಗಿ, ನೋಡಲು ಲಕ್ಷಣ, ವಯಸ್ಸು ಮೂವತ್ತರ ಹತ್ತಿರ. ಎರಡು ಕಡೆಯ ಗಂಡಿನವರು ಬಂದು ಚಹಾ ಕುಡಿದು, ಗಗನಾಳನ್ನು ನೋಡಿ, ಕಣ್ಣಿಗೆ ಕಣ್ಣು ಕೂಡಿಸಿಕೊಂಡು ಎದ್ದು ಹೋಗಿದ್ದರು. ಈಗ ಹುಮನಾಬಾದ ಕಡೆಯ ಗೋದಾಬಾಯಿ ಎಂಬವರ ಮಗ, ಹೈದರಾಬಾದಿನಲ್ಲೇ ಬ್ಯಾಂಕಿನಲ್ಲಿರುವವನು. ಜಾತಕ ಕೂಡಿತ್ತು. ರವಿವಾರ ಬರುತ್ತೇವೆಂದು ಹೇಳಿ ಕಳಿಸಿದ್ದರು.

ಸಂಜೆ ಊಟಕ್ಕೆ ಕೂತಾಗ ಶಾರದಾಬಾಯಿ ಝುಣಕ ಬಡಿಸುತ್ತ ಮಾತು ತೆಗೆದಳು.

"ರವಿವಾರ ಮುಂಜಾನಿ ಕೂಸಿನ್ನ ಎದುರಿನ ಸತ್ಯಭಾಮಮ್ಮನ ಮನ್ಯಾಗ ಕುಂದ್ರಸೂಣು. ಒಂದೆರಡು ತಾಸು ಅಷ್ಟ."

ಕುಮುದಾಳ ಕೈ ತಾಟಿನಲ್ಲೇ ನಿಂತಿತು. "ಯಾಕೆ ಅತ್ತೆ?"

"ಯಾಕ ಅಂತ ಕೇಳ್ತಿ? ಎರಡು ಸಂಬಂಧ ಯಾಕ ತಿರುಗಿ ಹೋದ್ವು ನಿನಗ ಗೊತ್ತಿಲ್ಲೇನು?"

"ಮುಂಚೇನೇ ಹೇಳಿಬಿಡಿ. ಮೊಮ್ಮಗಳು ಹೀಗಿದ್ದಾಳೆ ಅಂತ. ಎಲ್ಲರ ಮನೆ ದೋಸೆನೂ ತೂತೇ."

"ನಿಮ್ಮ ಮೈಸೂರಾಗ ದ್ವಾಸಿ ತೂತು ಇರ್ತಾವು. ನಮ್ಮ ಕಡೆ ಹೆಣ್ಣು ಕೇಳಾಕ ಬಂದೋರು ತೂತು ಎಣಿಸ್ತಾರ," ಎಂದರು ರಾಯರು. "ಸಾವಿರ ಸುಳ್ಳು ಹೇಳಿ ಒಂದು ಲಗ್ನ ಮಾಡು ಅಂತ ಹಿರ್ಯಾರು ಸುಮ್ನ ಅಂದಾರೇನು? ಒಂದೂ ಸುಳ್ಳು ಹೇಳೂದು ಬ್ಯಾಡ. ಸುಮ್ಕಿದ್ರ ಸಾಕು."

"ವೈನಿ," ಎಂದಳು ಸ್ನೇಹಲತಾ ಅತ್ತಿಗೆಗೆ, ತಲೆ ತಗ್ಗಿಸಿಕೊಂಡು. "ಒಂದ ದಿನ. ನನಗ ಕೇಳಾಕ ನಾಚಿಕಿ ಆಗ್ತೈತಿ. ಆದರ ಒಂದ ದಿನ."

ಕುಮುದಾ ಗಂಡನ ಕಡೆ ನೋಡಿದಳು. ಶರಣಕುಮಾರ ಆಫೀಸಿನಲ್ಲಿ ನಲವತ್ತು ಮಂದಿಯನ್ನು ಆಳುವವನು. ಮನೆಯಲ್ಲಿ ಅವನ ಆಳ್ವಿಕೆ ತಾಟಿನ ಅಂಚು ದಾಟುತ್ತಿರಲಿಲ್ಲ. ಮೆಣಸಿನಕಾಯಿ ಒಂದನ್ನು ಅತ್ತಿಂದಿತ್ತ ಹೊರಳಿಸುತ್ತ ಕೂತಿದ್ದ.

"ಹೇಳಿ ಏನಾದ್ರೂ," ಎಂದಳು ಕುಮುದಾ.

"ಸ್ನೇಹಾನ ಲಗ್ನ ಆಗ್ಬೇಕಲ್ಲ," ಎಂದ ಅವನು ಮೆಣಸಿನಕಾಯಿಗೆ.

ಕುಮುದಾ ಎದ್ದು ಹೋದಳು. ಆದರೆ ಅವಳೂ ಒಪ್ಪಿದಳು, ಅದನ್ನೂ ಇಲ್ಲಿ ಹೇಳಲೇಬೇಕು. ಬರೀ ಒಪ್ಪಲಿಲ್ಲ, ಅಚ್ಚುಕಟ್ಟಾಗಿ ಮಾಡಿಕೊಟ್ಟಳು. ಹೇಳದೆ ಕೇಳದೆ ಬೇರೆ ಮನೆಯಲ್ಲಿ ಕೂರಿಸಿದರೆ ಮಗಳು ರಂಪ ಮಾಡುತ್ತಾಳೆಂದು ಸತ್ಯಭಾಮಮ್ಮನ ಬಾಗಿಲಿನ ಚಿತ್ರ ತೆಗೆದು ಬೋರ್ಡಿಗೆ ಹಚ್ಚಿದಳು. ನಾಲ್ಕು ದಿನ ಮಗಳಿಗೆ ತೋರಿಸಿ ತೋರಿಸಿ ಹೇಳಿದಳು: "ಭಾನುವಾರ ಗಗನಾ ಇಲ್ಲಿ." ರವಿವಾರ ಮುಂಜಾನೆ ಗಗನಾ ತನ್ನ ಫೋಟೋ ಕಿತ್ತು ತಾನೇ ಆ ಬಾಗಿಲಿನ ಕೆಳಗೆ ಅಂಟಿಸಿ, ಮರುಮಾತಿಲ್ಲದೆ ಎದುರು ಮನೆಗೆ ನಡೆದಳು. ಅಷ್ಟು ಸುಲಭವಾಗಿ ಹೋದದ್ದು ನೋಡಿ ಕುಮುದಾಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು.

ಗೋದಾಬಾಯಿ ದಪ್ಪ ಕುಂಕುಮದ, ಚುರುಕು ಕಣ್ಣಿನ ಹೆಂಗಸು. ಗಂಡ, ಮಗ, ಮಗಳು ಜತೆಗಿದ್ದರು. ಸುಸಲಾ ಬಂತು, ಬೇಸನ್ ಉಂಡಿ ಬಂತು. ಹುಡುಗ ಸ್ನೇಹಲತಾಳನ್ನು ನೋಡಿ ನೋಡದವನಂತೆ ನೋಡಿದ, ಅವಳೂ ಹಾಗೆಯೇ. ಗೋದಾಬಾಯಿಗೆ ಹುಡುಗಿ ಹಿಡಿಸಿದ್ದು ಮಾತಿನಲ್ಲೇ ಗೊತ್ತಾಗುತ್ತಿತ್ತು. ಕುಮುದಾ ಇನ್ನೇನು ಚಹಾ ತರಬೇಕು, ಹೊರಗೆ ಸೀಟಿ ಊದಿತು.

ರವಿವಾರ ಬಂಡೆ ಸಿಡಿಸುವುದಿಲ್ಲ ಎಂದು ಎಲ್ಲರೂ ನಂಬಿದ್ದರು. ಬಂಡೆಯವನಿಗೆ ಇವರ ನಂಬಿಕೆ ಕಟ್ಟಿಕೊಂಡು ಏನಾಗಬೇಕು?

ಬಾಗಿಲು ದಡಾರನೆ ತೆರೆಯಿತು. ಗಗನಾ ಕಿವಿ ಮುಚ್ಚಿಕೊಂಡು ಬಂದವಳು ಯಾರನ್ನೂ ನೋಡದೆ ಗೋದಾಬಾಯಿಯ ಕಾಲ ಸಂದಿಯಿಂದ ಟೀಪಾಯಿಯ ಕೆಳಗೆ ತೂರಿದಳು. ಉಂಡಿಯ ತಾಟು ಉರುಳಿತು. ಆಚೆ ಗುಡುಗಿದಂತಾಗಿ ಕಿಟಕಿಯ ಗಾಜು ನಡುಗಿತು. ಟೀಪಾಯಿಯ ಕೆಳಗಿಂದ ಹುಡುಗಿ 'ಊಂ' ಎಂದು ಒಂದೇ ಸಮನೆ ದನಿ ಹಿಡಿದಳು.

"ಯವ್ವಾ! ಯಾರ್ರೀ ಈ ಕೂಸು?" ಎಂದಳು ಗೋದಾಬಾಯಿ, ಸೀರೆ ಎತ್ತಿಕೊಂಡು.

ರಾಯರ ಗಂಟಲು ಕೆಮ್ಮಿತು. 'ಹ್ಹೆ ಹ್ಹೆ' ಎಂದು ನಗು ಬಂತು. ಅದರ ಹಿಂದೆಯೇ ಅಂಗಡಿಯಲ್ಲಿ ಬರುತ್ತಿದ್ದಷ್ಟೇ ಸರಾಗವಾಗಿ ಮಾತು.

"ಅದೇನಿಲ್ರಿ, ಬಾಜೂ ಮನಿ ಕೂಸೈತ್ರಿ."

ಊಂಕಾರ ಥಟ್ಟನೆ ನಿಂತಿತು. ಅಡಿಗೆಮನೆಯ ಬಾಗಿಲಲ್ಲಿ ಚಹಾದ ಟ್ರೇ ಹಿಡಿದು ನಿಂತ ಕುಮುದಾ ಕೇಳಿದಳು. ಟ್ರೇಯನ್ನು ಅಲ್ಲೇ ಎತ್ತಿ ಒಗೆಯಬಹುದಿತ್ತು. ಒಗೆಯಲಿಲ್ಲ. ಕಪ್ಪುಗಳನ್ನು ಒಂದೊಂದಾಗಿ ಬೀಗರ ಕೈಗೆ ಕೊಟ್ಟಳು. ಶರಣಕುಮಾರ ಎದ್ದು, ಸ್ವಂತ ಮಗಳನ್ನು ಬೇರೆಯವರ ಕೂಸಿನಂತೆ ಮೈಗೆ ತಾಗಿಸಿಕೊಳ್ಳದೆ ಎತ್ತಿಕೊಂಡು ಎದುರು ಮನೆಗೆ ಬಿಟ್ಟು ಬಂದ. ಬಂದವನು ಬೇಸಿನ್ನಿನಲ್ಲಿ ಕೈ ತೊಳೆದುಕೊಂಡ. ಕುಮುದಾ ಅದನ್ನೂ ನೋಡಿದಳು.

ಬೀಗರು ಹೋದ ಮೇಲೆ ಕುಮುದಾ ಮಗಳನ್ನು ಕರೆತರಲು ಹೋದಳು. ಗಗನಾ ಬಂದಳು, ನೆಟ್ಟಗೆ ಬೋರ್ಡಿನ ಮುಂದೆ ನಿಂತಳು. ತನ್ನ ಫೋಟೋ ಕಿತ್ತುಕೊಂಡಳು. ಮನೆಯ ಕೆಳಗೆ ಅಂಟಿಸುತ್ತಾಳೆಂದು ತಾಯಿ ಕಾದಳು. ಹುಡುಗಿ ಫೋಟೋ ಹಿಡಿದು ಹೊರಗೆ ಹೋಗಿ ಸತ್ಯಭಾಮಮ್ಮನ ಬಾಗಿಲಿಗೇ ಅದನ್ನು ಒತ್ತಿದಳು. ಅದು ಅಂಟಲಿಲ್ಲ, ಬಿತ್ತು. ಮತ್ತೆ ಒತ್ತಿದಳು, ಮತ್ತೆ ಬಿತ್ತು. ಕೊನೆಗೆ ಬಾಗಿಲ ಪಕ್ಕ ಕೈಗೆಟಕುವಂತಿದ್ದ ಗಣಪತಿಯ ಟೈಲ್ಸಿನ ಸಂದಿಗೆ ಸಿಕ್ಕಿಸಿದಳು.

"ಏನ್ ಮಾಡ್ತಿದ್ದೀಯ ಪುಟ್ಟಾ?"

ಗಗನಾ ಗಂಟಲು ಕೆಮ್ಮಿದಳು. 'ಹ್ಹೆ ಹ್ಹೆ' ಎಂದಳು. "ಅದೇನಿಲ್ರಿ, ಬಾಜೂ ಮನಿ ಕೂಸೈತ್ರಿ."

ಒಳಗೆ ರಾಯರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ತಮ್ಮ ದನಿಯೇ ಬಾಗಿಲಾಚೆಯಿಂದ ಬಂದದ್ದು ಕೇಳಿ ಸುಣ್ಣದ ಬೆರಳು ಹಾಗೆಯೇ ನಿಂತಿತು.

ಅಂದಿನಿಂದ ಶುರುವಾಯಿತು. ಊಟದ ಹೊತ್ತಿಗೆ ಗಗನಾ ತನ್ನ ತಾಟು ತೆಗೆದುಕೊಂಡು ಎದುರು ಮನೆಯ ಹೊಸ್ತಿಲ ಮೇಲೆ ಕೂರುವಳು. ಎಳೆದು ತಂದರೆ ಕೂಗಿ ಕೂಗಿ ಬೆವರಿ ವಾಂತಿ ಮಾಡಿಕೊಳ್ಳುವಳು. ಮಲಗಲು ಬರುವಳು, ಶಾಲೆಗೆ ಇಲ್ಲಿಂದಲೇ ಹೋಗುವಳು, ಅನ್ನ ಮಾತ್ರ ಅಲ್ಲಿ. ಸತ್ಯಭಾಮಮ್ಮ ಒಂಟಿ ಜೀವ, ಟೀವಿ ಧಾರಾವಾಹಿಯೇ ಆಕೆಯ ಸಂಸಾರ. ಮೊದಮೊದಲು "ಪರವಾಲೇದಮ್ಮಾ, ಪಾಪಕಿ ನಾ ಪೆರುಗನ್ನಂ ಇಷ್ಟಂ" ಎಂದು ತೆಲುಗಿನಲ್ಲಿ, ಮಗುವಿಗೆ ತನ್ನ ಮೊಸರನ್ನವೇ ಇಷ್ಟವೆಂದು ಹೇಳಿ, ಕಲಸಿ ಕೊಟ್ಟು ಬೀಗಿದಳು. ವಾರ ಕಳೆಯುತ್ತಲೇ ಬೇಸರವೂ ಬಂತು. ಒಂದು ಮಧ್ಯಾಹ್ನ ಬಾಗಿಲು ತಟ್ಟಿ ಹಿಂದಿಯಲ್ಲಿ ಕೇಳಿಯೇಬಿಟ್ಟಳು, "ಏನಾಯ್ತು ನಿಮ್ಮನೇಲಿ? ಮಗೂಗೆ ಅನ್ನ ಹಾಕಲ್ವಾ ಅಂತ ವಾಚ್‌ಮನ್ ನನ್ನ ಕೇಳ್ತಾನೆ."

"ನಿಮ್ಮ ಮ್ಯಾಲ ಜೀವ ಅದಕ್ಕ," ಎಂದು ಶಾರದಾಬಾಯಿ ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ತೇಪೆ ಹಾಕಿ ಕಳಿಸಿದಳು. ಬಾಗಿಲು ಹಾಕಿಕೊಂಡು ಬಂದು ರೊಟ್ಟಿಗೆ ಕೂತಳು. ಬೆನ್ನ ಹಿಂದೆ ತೂಗುವವರು ಯಾರೂ ಇರಲಿಲ್ಲ. ಎರಡು ರೊಟ್ಟಿ ಬಡಿದಳು, ಮೂರನೆಯದು ಹರಿಯಿತು. ಹಿಟ್ಟಿನ ಕೈಯಲ್ಲೇ ಹೊರಬಂದು ಗಂಡನ ಮುಂದೆ ನಿಂತಳು.

"ನೀವು ಆ ಮಾತು ಆಡಬಾರದಿತ್ತು."

"ಅಡಗಿಸಿ ಇಡೂಣು ಅಂದಾಕಿ ಯಾರು? ನೀನ ಅಲ್ಲೇನು?"

"ಅಡಗಸ್ರಿ ಅಂದೆ. ದಾನಾ ಕೊಡ್ರಿ ಅಂದೆನೇನು?"

ರಾಯರು ಪ್ರಯತ್ನ ಮಾಡದೆ ಇರಲಿಲ್ಲ. ಚಾಕಲೇಟು ತಂದು ಮೊಮ್ಮಗಳ ಮುಂದೆ ಹಿಡಿದು, "ನೀ ನಮ್ಮ ಕೂಸವ್ವಾ, ಅಜ್ಜನ ಕೂಸು," ಎಂದು ಕಿವಿಯಲ್ಲಿ ಹೇಳಿದರು. ಗಗನಾ ಚಾಕಲೇಟು ತೆಗೆದುಕೊಂಡು ಎದುರು ಮನೆಗೆ ಹೋದಳು.

"ಕಿವಿಯಲ್ಲಿ ಹೇಳಿದ್ರೆ ಆಗಲ್ಲ ಮಾವ," ಎಂದಳು ಕುಮುದಾ. "ಹಾಲ್‌ನಲ್ಲಿ, ಅಷ್ಟು ಜನರ ಮುಂದೆ, ಜೋರಾಗಿ ಹೇಳಿದ್ರಿ. ಹಾಗೇ ಹೇಳಬೇಕು. ಅವರ ಮುಂದೆನೇ."

"ಲಗ್ನ ಒಂದು ಆಗ್ಲಿ. ಆಮ್ಯಾಲ ಊರ ಮುಂದ ಹೇಳ್ತೀನಿ."

"ಅಲ್ಲೀವರೆಗೂ ನನ್ನ ಮಗಳು ಹೊಸ್ತಿಲ ಮೇಲೆ ಕೂತು ಉಣ್ಣಬೇಕಾ?"

"ಅಪ್ಪಗ ಒದರಬ್ಯಾಡ," ಎಂದ ಶರಣಕುಮಾರ.

"ಮತ್ತೆ ಯಾರಿಗೆ ಒದರಲಿ? ಕೈ ತೊಳ್ಕೊಂಡೋರಿಗಾ?"

ಅವನು ಎದ್ದು ಆಫೀಸಿಗೆ ಹೋದ. ರಜೆಯ ದಿನವಾಗಿತ್ತು. ಫೋಟೋ ಮಾತ್ರ ಆಫೀಸಿನ ಕೆಳಗೆ ಅಂಟಿಸಿಯೇ ಹೋದ. ಬೋರ್ಡಿನ ಮೇಲೆ ಎಲ್ಲರೂ ನಿಜವನ್ನೇ ಅಂಟಿಸುತ್ತಿದ್ದರು, ಬಾಯಲ್ಲಷ್ಟೇ ತೊಂದರೆ.

ಇಷ್ಟರಲ್ಲಿ ಗೋದಾಬಾಯಿಯ ಮನೆಯಿಂದ ಫೋನು ಬಂತು. ಹುಡುಗಿ ಪಸಂದ. ಬರುವ ರವಿವಾರ ಮಾತುಕತೆಗೆ ಬರುತ್ತೇವೆ. ಸ್ನೇಹಲತಾ ಅಂದು ತಾರ್ನಾಕದಿಂದ ಬರುವಾಗ ಎಲ್ಲರಿಗೂ ಜಿಲೇಬಿ ತಂದಳು. ಗಗನಾಗೆಂದು ಒಂದು ಪೊಟ್ಟಣ ಬೇರೆ ಕಟ್ಟಿಸಿದ್ದಳು. ಅದನ್ನು ಎದುರು ಮನೆಯ ಹೊಸ್ತಿಲಲ್ಲಿ ಕೊಡಬೇಕಾಗಿ ಬಂದಾಗ ಪೊಟ್ಟಣ ಕೊಟ್ಟು ಒಳಗೆ ಬಂದು ಬಚ್ಚಲಮನೆಯ ನಲ್ಲಿ ಬಿಟ್ಟುಕೊಂಡು ಅತ್ತಳು.

ರವಿವಾರ ಬಂತು. ಈ ಸಲ ಯಾರೂ ಗಗನಾಳನ್ನು ಅಡಗಿಸಬೇಕಾಗಿರಲಿಲ್ಲ. ಅವಳೇ ಸತ್ಯಭಾಮಮ್ಮನ ಹೊಸ್ತಿಲ ಮೇಲೆ ಕೂತು ಮೊಸರನ್ನ ಉಣ್ಣುತ್ತಿದ್ದಳು, ನೆತ್ತಿಯ ಮೇಲೆ ಬಾಗಿಲಲ್ಲಿ ಅವಳದೇ ಫೋಟೋ. ಸುಳ್ಳಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ರಾಯರು ಬೀಗರನ್ನು ಲಿಫ್ಟಿನಿಂದ ಎದುರುಗೊಂಡು ಕರೆತರುವಾಗ ಅದನ್ನು ನೋಡಿದರು. ಎದೆ ಒಂದು ಕಡೆ ಹಗುರಾಯಿತು, ಇನ್ನೊಂದು ಕಡೆ ಹಿಂಡಿತು.

ಗೋದಾಬಾಯಿ ಹೊಸ್ತಿಲ ಬಳಿ ನಿಂತಳು. "ಅವತ್ತ ಬಂದಿದ್ದ ಕೂಸಲ್ರೀ ಇದು? ಚಂದ ಐತಿ. ಯಾರ ಮಗಳವ್ವಾ ನೀ?"

ಗಗನಾ ತುತ್ತು ನುಂಗಿದಳು. ಕೆಮ್ಮಿದಳು. ನಕ್ಕಳು. "ಅದೇನಿಲ್ರಿ, ಬಾಜೂ ಮನಿ ಕೂಸೈತ್ರಿ."

ಗೋದಾಬಾಯಿ ಮೊದಲು ನಕ್ಕಳು. ಆಮೇಲೆ ನಗು ತಾನಾಗಿ ನಿಂತಿತು. ಬಾಗಿಲ ತೆಲುಗು ಹೆಸರಿನ ಫಲಕ ನೋಡಿದಳು. ಹುಡುಗಿಯನ್ನು ನೋಡಿದಳು. ಕೊನೆಗೆ ರಾಯರನ್ನು ನೋಡಿದಳು. ಒಳಗೆ ಬಂದು ಕೂತ ಮೇಲೆ, ಸುಸಲಾದ ತಾಟು ಮುಟ್ಟದೆ ಕೇಳಿದಳು:

"ವೈಜನಾಥರಾಯರ, ಎದುರು ಮನಿಯವರು ತೆಲಗೇರು. ಕೂಸು ನಮ್ಮ ಕಡಿ ಮಾತು ಹೆಂಗ ಆಡ್ತೈತಿ? ಅದೂ ನಿಮ್ಮ ಕೆಮ್ಮು ಹಚ್ಚಿ?"

ಉತ್ತರ ತಯಾರಿತ್ತು. ನಮ್ಮ ಮನಿಗೆ ಆಡಾಕ ಬಂದು ಬಂದು ಕಲತೈತ್ರಿ. ನಾಲಿಗೆಯ ತುದಿಗೇ ಬಂದಿತ್ತು, ಎಲ್ಲರೂ ನಂಬುವಂಥ ಮಾತು. ಬಾಗಿಲಲ್ಲಿ ಸ್ನೇಹಲತಾ ನಿಂತಿದ್ದಳು, ಬಣ್ಣ ಇಳಿದ ಮುಖದಲ್ಲಿ. ರಾಯರು ಬಾಯಿ ತೆರೆದರು. ಮೊದಲು ಕೆಮ್ಮು ಬಂತು.

ಹೊರಗಿನಿಂದ ಅದೇ ಕೆಮ್ಮು ತಿರುಗಿ ಬಂತು. 'ಹ್ಹೆ ಹ್ಹೆ.'

ರಾಯರ ಮುಖದ ಮೇಲೆ ಯಾರೋ ಸೀರೆ ತಂದು ಒಗೆದಂತಾಯಿತು.

"ಸುಳ್ಳ ಹೇಳಿದ್ದೆ ನಾ," ಎಂದರು. "ನನ್ನ ಮೊಮ್ಮಗಳ್ರೀ. ಶರಣಕುಮಾರನ ಮಗಳು. ಅದಕ್ಕ ಆಟಿಸಂ ಐತಿ. ಮುಂದ ಸಂಬಂಧ ತಪ್ಪೀತು ಅಂತ ಬಾಜೂ ಮನಿ ಕೂಸು ಅಂದೆ."

ಗೋದಾಬಾಯಿ ಸೆರಗು ಸರಿಮಾಡಿಕೊಂಡು ಎದ್ದಳು.

"ಕೂಸು ಹೆಂಗ ಇದ್ರೂ ದೇವರು ಕೊಟ್ಟದ್ದು. ನನ್ನ ಅಣ್ಣನ ಮನ್ಯಾಗೂ ಒಂದೈತಿ. ಅದರ ಸಲುವಾಗಿ ನಾ ಏಳಾಕತ್ತಿಲ್ಲ. ಒಂದು ಮಾತಿನಾಗ ಹೆತ್ತ ಕೂಸಿನ್ನ ಬಾಜೂ ಮನಿಗಿ ಕೊಟ್ಟ ಮಂದಿ ನೀವು. ನಾಳಿ ನನ್ನ ಮಗಗ ಏನರ ಆದ್ರ ಅವನ್ನ ಯಾರ ಮನಿಯಾಂವ ಅಂತೀರೊ."

ಲಿಫ್ಟಿನ ಬಾಗಿಲು ಮುಚ್ಚಿದ ಸಪ್ಪಳ ಒಳಗೆಲ್ಲ ಕೇಳಿಸಿತು. ಹುಡುಗ ಮಾತ್ರ ಹೋಗುವಾಗ ಸ್ನೇಹಲತಾಳ ಕಡೆ ಒಮ್ಮೆ ತಿರುಗಿ ನೋಡಿದ, ಅಷ್ಟೇ. ಮರುವಾರ ಜಾತಕ ಕೂಡಲಿಲ್ಲ ಎಂದು ಫೋನು ಬಂತು, ಆಗಲೇ ಕೂಡಿದ್ದ ಜಾತಕ.

ಸ್ನೇಹಲತಾ ಅಳಲಿಲ್ಲ. ತಂದೆಯ ಮುಂದೆ ನಿಂತು ಹೇಳಿದಳು: "ಮೊದಲ ಹೇಳಿದ್ರ ಇವರು ಹ್ಞೂಂ ಅಂತಿದ್ರಪ್ಪಾ. ಕೇಳಿದ್ರಲ್ಲ, ಅವರ ಮನ್ಯಾಗೂ ಒಂದೈತಂತ. ನನ್ನ ಲಗ್ನ ಗಗನಾ ಕೆಡಿಸಲಿಲ್ಲ. ನಾನೂ ನೀವೂ ಕೂಡಿ ಕೆಡಿಸಿದ್ವಿ." ಕೈಚೀಲ ಹೆಗಲಿಗೆ ಹಾಕಿಕೊಂಡು, ಫೋಟೋ ಕಾಲೇಜಿನ ಕೆಳಗೆ ಅಂಟಿಸಿ, ಬಸ್ಸಿಗೆ ನಡೆದಳು.

ಅಂದು ರಾಯರು ಬೋರ್ಡಿನ ಮುಂದೆ ಬಹಳ ಹೊತ್ತು ನಿಂತರು. ಮನೆಯ ಕೆಳಗೆ ಅವರ ಫೋಟೋ, ಮೊಮ್ಮಗಳದಿದ್ದ ಪಕ್ಕದ ಜಾಗ ಬರಿದು. ತಮ್ಮ ಫೋಟೋ ಕಿತ್ತುಕೊಂಡು ಎದುರು ಬಾಗಿಲಿಗೆ ಹೋಗಿ ಗಗನಾಳ ಫೋಟೋದ ಪಕ್ಕ ಸಿಕ್ಕಿಸಿದರು. ತಾಟು ತಂದು ಹೊಸ್ತಿಲ ಮೇಲೆ ಅವಳ ಜತೆ ಕೂತರು. ಸತ್ಯಭಾಮಮ್ಮ ಒಳಗಿಂದ ಇಣುಕಿ, "ಅಯ್ಯೋ, ಈಗ ತಾತನೂ ಬಂದ್ರಾ!" ಎಂದಳು.

ಗಗನಾ ತಲೆ ಎತ್ತಿ ಫೋಟೋ ನೋಡಿದಳು. ಎದ್ದು ಅಜ್ಜನ ಫೋಟೋ ಕಿತ್ತಳು, ಒಳಗೆ ಹೋದಳು, ಬೋರ್ಡಿನಲ್ಲಿ ಮನೆಯ ಕೆಳಗೆ ಅದರ ಜಾಗದಲ್ಲೇ ಅಂಟಿಸಿ ಅಂಗೈಯಿಂದ ಒತ್ತಿದಳು. ತಿರುಗಿ ಬಂದು ತನ್ನ ಹೊಸ್ತಿಲಲ್ಲಿ ಕೂತಳು. ಅಜ್ಜ ಆ ಮನೆಯವನು. ಅದರಲ್ಲಿ ಅವಳಿಗೆ ಅನುಮಾನವಿರಲಿಲ್ಲ.

ರಾಯರ ಕಣ್ಣಲ್ಲಿ ನೀರು ಬಂತು. ಕುಮುದಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಇದು ಒಂದು ದಿನದ ಕೆಲಸ ಅಲ್ಲ ಮಾವ," ಎಂದಳು. ಬಹಳ ದಿನದ ಮೇಲೆ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಾಳೆಯಿಂದ ಊಟ ಕೊಡಬೇಡಿ ಅಂತ ಸತ್ಯಭಾಮಮ್ಮನ ಹತ್ರ ಮಾತಾಡಿದ್ದೀನಿ. ಅವರ ಬಾಗಿಲ ಚಿತ್ರಾನೂ ಬೋರ್ಡಿಂದ ತೆಗೀತೀನಿ. ಅವಳು ಹಸಿದು ನಮ್ಮ ಬಾಗಿಲಿಗೆ ಬರ್ತಾಳೆ, ಬೇರೆಯವರ ಥರ ಬೆಲ್ ಹೊಡೀತಾಳೆ. ಬಾಗಿಲು ನೀವೇ ತೆಗೀಬೇಕು. ನೀವೇ ಹೇಳಬೇಕು. ದಿನಾ ಅದೇ ಮಾತು, ಅದೇ ಜೋರಲ್ಲಿ."

ಹಾಗೆಯೇ ಆಯಿತು. ಊಟದ ಹೊತ್ತಿಗೆ ಬೆಲ್ಲು. ರಾಯರು ಬಾಗಿಲು ತೆಗೆದರೆ ತಾಟು ಹಿಡಿದ ಮೊಮ್ಮಗಳು. ಕೆಮ್ಮು, ನಗು, "ಅದೇನಿಲ್ರಿ, ಬಾಜೂ ಮನಿ ಕೂಸೈತ್ರಿ."

"ಅಲ್ಲವ್ವಾ, ನಮ್ಮ ಕೂಸು. ನಾ ಸುಳ್ಳ ಹೇಳಿದ್ದೆ."

ಮೆಟ್ಟಿಲಲ್ಲಿ ಮೇಲಿನ ಮನೆಯವರು ಇರುತ್ತಿದ್ದರು, ಟ್ಯಾಂಕರಿನವನು ಇರುತ್ತಿದ್ದ, ವಾಚ್‌ಮನ್ ಇರುತ್ತಿದ್ದ. ಎಲ್ಲರಿಗೂ ಕೇಳಿಸುವ ಹಾಗೆ, ದಿನಾ. ಮೊದಲ ದಿನಗಳಲ್ಲಿ ರಾಯರ ಕಿವಿ ಕೆಂಪಾಗುತ್ತಿತ್ತು, ಯಾರೂ ಇಲ್ಲವೆಂದು ಇಣುಕಿ ನೋಡಿ ಬಾಯಿ ಬಿಡುತ್ತಿದ್ದರು. ಹಾಗೆ ಇಣುಕಿದರೆ ಹುಡುಗಿ ಒಳಗೆ ಬರುತ್ತಿರಲಿಲ್ಲ, ಹೊಸ್ತಿಲಾಚೆಯೇ ಉಂಡು ತಾಟು ಅಲ್ಲೇ ಇಟ್ಟು ಹೋಗುತ್ತಿದ್ದಳು. ಬರುಬರುತ್ತ ರಾಯರು ಇಣುಕುವುದು ಬಿಟ್ಟರು. ಶರಣಕುಮಾರನೂ ಒಂದು ದಿನ ತಂದೆಯ ಹಿಂದೆ ಬಂದು ನಿಂತು, "ನನ್ನ ಮಗಳು. ನಾನೂ ಸುಮ್ನಿದ್ದೆ," ಎಂದ. ಕುಮುದಾ ಅಂದು ಅವನ ತಾಟಿಗೆ ತುಪ್ಪ ಬಡಿಸಿದಳು.

ಬಂಡೆ ಸಿಡಿಸುವುದು ಮುಗಿದು ಅಲ್ಲಿ ಕಂಬಗಳು ಏಳುತ್ತಿದ್ದ ಕಾಲಕ್ಕೆ, ಒಂದು ಮಧ್ಯಾಹ್ನ ಶಾರದಾಬಾಯಿ ಎರಡನೆಯ ರೊಟ್ಟಿ ತಟ್ಟುತ್ತಿದ್ದಾಗ ಬೆನ್ನಿಗೆ ಏನೋ ಬೆಚ್ಚಗೆ ತಾಗಿತು. ಬೆಲ್ಲು ಆಗಿರಲಿಲ್ಲ. ಶಾರದಾಬಾಯಿ ತಿರುಗಿ ನೋಡಲಿಲ್ಲ, ನೋಡಿದರೆ ಎದ್ದು ಹೋದೀತೆಂಬ ಭಯ. ಕಣ್ಣೀರು ಹಿಟ್ಟಿನಲ್ಲಿ ಬೀಳುತ್ತಿದ್ದರೂ ಬಡಿಯುತ್ತಲೇ ಇದ್ದಳು. ಬೋರ್ಡಿನ ಮೇಲೆ ಅಜ್ಜನ ಪಕ್ಕ ಮೊಮ್ಮಗಳ ಫೋಟೋ ಕೂತಿತ್ತು, ಮೂಲೆ ಸ್ವಲ್ಪ ಮುರಿದಿತ್ತು.

ಎಲ್ಲ ಮುಗಿಯಿತೆಂದು ರಾಯರು ತಿಳಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದನ್ನು ಮರೆತರು.

ದಸರೆಯ ಮುಂದೆ ಮೊಮ್ಮಗಳಿಗೆ ಮೆತ್ತನೆಯ ಹತ್ತಿಯ ಅರಿವಿ ಕೊಳ್ಳಲು ಕೋಠಿಯ ತಮ್ಮ ಹಳೆಯ ಅಂಗಡಿಗೆ ಕರೆದುಕೊಂಡು ಹೋದರು. ಅದೇ ಬಿಳಿ ಗಾದಿ. ಅವರ ಜಾಗದಲ್ಲಿ ಈಗ ತಾಯಪ್ಪ ಕೂತಿದ್ದ, ರಾಯರ ಕೈಕೆಳಗೇ ಮಾತು ಕಲಿತವನು. ಅಂಗಡಿ ತುಂಬ ಗಿರಾಕಿ.

"ಬರ್ರಿ ಬರ್ರಿ ರಾಯರ! ಎಷ್ಟು ದಿನಾ ಆತ್ರಿ!" ತಾಯಪ್ಪ ಬಗ್ಗಿ ಹುಡುಗಿಯ ಗಲ್ಲ ಮುಟ್ಟಲು ಹೋದ. ಅವಳು ಸರಿದಳು. "ಯಾರ ಕೂಸವ್ವಾ ನೀ?"

ಗಗನಾ ಗಾದಿಯ ಅಂಚು ನೋಡುತ್ತ ನಿಂತಳು. ಗಂಟಲು ಕೆಮ್ಮಿತು. 'ಹ್ಹೆ ಹ್ಹೆ.' ಆಮೇಲೆ ಇಡೀ ಅಂಗಡಿಗೆ ಕೇಳಿಸುವಂತೆ, ರಾಯರ ದನಿಯಲ್ಲಿ, ಒಂದಕ್ಷರ ಬಿಡದೆ:

"ಅದೇನಿಲ್ರಿ, ಬಾಜೂ ಮನಿ ಕೂಸೈತ್ರಿ. ಅಲ್ಲವ್ವಾ, ನಮ್ಮ ಕೂಸು. ನಾ ಸುಳ್ಳ ಹೇಳಿದ್ದೆ."

ಗಿರಾಕಿಗಳು ತಿರುಗಿ ನೋಡಿದರು. ತಾಯಪ್ಪ ಬಿಡಿಸಿದ ಸೀರೆಯನ್ನು ಹಾಗೆಯೇ ಹಿಡಿದು ರಾಯರ ಮುಖ ನೋಡಿದ. ಎರಡೂ ಮಾತು ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ಇನ್ನು ಬದುಕಿರುವ ತನಕ, ಯಾರು ಕೇಳಿದರೂ, ಯಾವ ಬಜಾರಿನಲ್ಲಿ ಕೇಳಿದರೂ ಅವೆರಡೂ ಕೂಡಿಯೇ ಬರುತ್ತವೆ ಎಂಬುದು ರಾಯರಿಗೆ ಆಗ ತಿಳಿಯಿತು.

"ಏನ್ರೀ ಇದು ರಾಯರ?" ಎಂದ ತಾಯಪ್ಪ, ನಗಬೇಕೋ ಬೇಡವೋ ತಿಳಿಯದೆ.

ಗಂಟಲಿಗೆ ಕೆಮ್ಮು ಬಂತು. ರಾಯರು ಅದನ್ನು ನುಂಗಿದರು. ಮೊಮ್ಮಗಳು ಅವರ ಧೋತರದ ಚುಂಗು ಹಿಡಿದು ನಿಂತಿದ್ದಳು.

"ಖರೇ ಐತಿ," ಎಂದರು. "ಹೇಳಿದ್ದೆ."